ಗಾಲಿತ ಜಲ, ತ್ರಸಜೀವ, ರೋಗಾಣು: ಒಂದು ಅರ್ಥವಿಚಾರ

ಜೈನ ಆಚಾರಗ್ರಂಥಗಳನ್ನೂ ವೈದ್ಯಗ್ರಂಥಗಳನ್ನೂ ಕುರಿತು ಈಚೆಗೆ ಬರುತ್ತಿರುವ ಲೇಖನಗಳಲ್ಲಿ ಒಂದು ಮಾತು ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ನಿಗೋದವೆಂದರೆ ಇಂದಿನವರು ಹೇಳುವ ಬ್ಯಾಕ್ಟೀರಿಯವೇ. ನೀರನ್ನು ಸೋಸಿ ಕುಡಿಯಬೇಕೆಂಬ ವಿಧಿ ರೋಗನಿವಾರಣೆಗಾಗಿಯೇ ಹುಟ್ಟಿದುದು. ಸೂಕ್ಷ್ಮದರ್ಶಕ ಬರುವುದಕ್ಕೆ ಶತಮಾನಗಳ ಮೊದಲೇ ನಮ್ಮ ಆಚಾರ್ಯರು ಸಾಂಕ್ರಾಮಿಕ ರೋಗಗಳ ಮೂಲವನ್ನು ಕಂಡಿದ್ದರು ಎಂಬುದು ಆ ಮಾತಿನ ಸಾರ. ೨೦೨೦ರ ಕೋವಿಡ್ ಮಾರಿಯ ತರುವಾಯ ಇದು ಉಪನ್ಯಾಸ ವೇದಿಕೆಗಳಿಗೂ ಏರಿದೆ. ಹೇಳುವವರ ಶ್ರದ್ಧೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗ್ರಂಥದ ಅರ್ಥನಿರ್ಣಯಕ್ಕೆ ಶ್ರದ್ಧೆಯೊಂದೇ ಸಾಲದು. ಈ ಸಮೀಕರಣದಿಂದ ಸಿದ್ಧಾಂತಕ್ಕೂ ಹಾನಿಯಿದೆ, ಆರೋಗ್ಯಕ್ಕೂ ಹಾನಿಯಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ನಿಗೋದದ ವಿಷಯ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದ ಜೀವಕಾಂಡವನ್ನು, ಅದಕ್ಕೆ ಕೇಶವವರ್ಣಿಯು ಕ್ರಿ. ಶ. ೧೩೫೯ರಲ್ಲಿ ಕನ್ನಡದಲ್ಲಿ ಬರೆದ ವೃತ್ತಿಯೊಡನೆ ಓದಿದವರಿಗೆ ಈ ಪರಿಭಾಷೆಯ ಎಲ್ಲೆ ಸ್ಪಷ್ಟವಾಗಿಯೇ ತೋರುತ್ತದೆ. ನಿಗೋದಜೀವವು ಏಕೇಂದ್ರಿಯ, ವನಸ್ಪತಿಕಾಯಕ್ಕೆ ಸೇರಿದುದು, ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡು ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತವೆ. ಇದರಲ್ಲಿ ಸೂಕ್ಷ್ಮ, ಬಾದರ ಎಂದು ಎರಡು ಬಗೆ. ಸೂಕ್ಷ್ಮನಾಮಕರ್ಮದ ಉದಯದಿಂದಾದ ಶರೀರವು ಯಾವುದನ್ನೂ ತಡೆಯದು, ಯಾವುದರಿಂದಲೂ ತಡೆಯಲ್ಪಡದು; ಬೆಂಕಿಯೂ ಅದನ್ನು ಬಾಧಿಸಲಾರದು. ಬ್ಯಾಕ್ಟೀರಿಯವಾದರೋ ನೀರು ಕುದಿದರೆ ಸಾಯುತ್ತದೆ. ಬೆಂಕಿಯಿಂದ ಬಾಧಿತವಾಗದುದನ್ನೂ ಬೆಂಕಿಯಿಂದ ಸಾಯುವುದನ್ನೂ ಒಂದೇ ಎನ್ನುವವರು ಸಿದ್ಧಾಂತವನ್ನು ಎತ್ತಿಹಿಡಿಯುತ್ತಿದ್ದಾರೆಯೋ ಕೆಡವುತ್ತಿದ್ದಾರೆಯೋ ಎಂಬುದನ್ನು ಅವರೇ ಯೋಚಿಸಬೇಕು. ಬಾದರ ನಿಗೋದವೆಂದು ಪಕ್ಷ ಬದಲಿಸಿದರೂ ತೊಡಕು ತೀರದು. ಅದು ಗೆಡ್ಡೆಗೆಣಸು ಮೊದಲಾದವುಗಳ ಪ್ರಸಂಗದಲ್ಲಿ ಬರುತ್ತದೆ. ರೋಗಕ್ಕೆ ಕಾರಣವೆಂದು ಅಲ್ಲಿ ಹೇಳಿಲ್ಲ. ಆ ಗ್ರಂಥಗಳ ದೃಷ್ಟಿಯಲ್ಲಿ ರೋಗದ ಅಂತರಂಗ ಕಾರಣ ಅಸಾತಾವೇದನೀಯ ಕರ್ಮ. ಜೀವಗಳನ್ನು ಎಣಿಸಿದುದು ಅವುಗಳಿಂದ ನಮ್ಮನ್ನು ಕಾಯುವುದಕ್ಕಲ್ಲ, ನಮ್ಮಿಂದ ಅವುಗಳನ್ನು ಕಾಯುವುದಕ್ಕೆ.

ಹಾಗಾದರೆ ನೀರು ಸೋಸುವ ವಿಧಿಗೂ ರೋಗಕ್ಕೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ನಮ್ಮ ಲೇಖಕರು ಹುಡುಕುತ್ತಿರುವ ಎಡೆಯಲ್ಲಿಲ್ಲ.

ಶ್ರಾವಕಾಚಾರ ಪರಂಪರೆಯಲ್ಲಿ ಸೋಸುವ ಬಟ್ಟೆಯ ಅಳತೆ ೩೬ ಅಂಗುಲ ಉದ್ದ, ೨೪ ಅಂಗುಲ ಅಗಲ. ಅದನ್ನು ಎರಡು ಮಡಿ ಮಾಡಬೇಕು. ಬಟ್ಟೆ ದಪ್ಪನಾಗಿರಬೇಕು, ಹರಿದಿರಬಾರದು. ಸೋಸಿದ ನೀರಿನ ಅವಧಿ ಒಂದು ಅಂತರ್ಮುಹೂರ್ತ. ಚೆನ್ನಾಗಿ ಕಾಯಿಸಿದ ನೀರಿನದು ಎಂಟು ಪ್ರಹರ. ನೀರೇ ಜೀವಶರೀರವಾಗಿರುವ ಅಪ್ಕಾಯಿಕ ಏಕೇಂದ್ರಿಯಗಳನ್ನು ಬಟ್ಟೆಯಿಂದ ಬೇರ್ಪಡಿಸಲು ಬಾರದೆಂಬುದು ವಿಧಿಕಾರರಿಗೆ ತಿಳಿದೇ ಇತ್ತು. ಬಟ್ಟೆಯ ಉದ್ದೇಶ ತ್ರಸಜೀವಗಳ ರಕ್ಷಣೆ. ಎಂದರೆ ಎರಡು ಇಂದ್ರಿಯಗಳಿಂದ ಮೊದಲುಗೊಂಡ, ಚಲಿಸುವ ಜೀವಿಗಳ ರಕ್ಷಣೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಾನಿಯನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯ ನೀರೋ ಅದೇ ಬಾವಿಗೆ, ಎತ್ತರದಿಂದ ಸುರಿಯದೆ, ನೀರಿನ ಮಟ್ಟಕ್ಕೆ ಪಾತ್ರೆಯನ್ನಿಳಿಸಿ ಮೆಲ್ಲನೆ ಬಿಡಬೇಕು. ವಿಧಿಯ ಈ ಕೊನೆಯ ಭಾಗವನ್ನು ಆರೋಗ್ಯವಾದಿಗಳು ಉಲ್ಲೇಖಿಸುವುದೇ ಇಲ್ಲ. ಏಕೆಂದರೆ ಅದು ಅವರ ವಾದಕ್ಕೆ ನೇರವಾಗಿ ಅಡ್ಡಬರುತ್ತದೆ. ರೋಗನಿವಾರಣೆಯೇ ಉದ್ದೇಶವಾಗಿದ್ದರೆ ರೋಗಕಾರಕವೆಂದು ಬಗೆದುದನ್ನು ಕುಡಿಯುವ ನೀರಿನ ಬಾವಿಗೆ ಯಾರು ತಾನೇ ಹಿಂದಿರುಗಿಸುತ್ತಾರೆ?

ಈಗ ನಾರುಹುಣ್ಣಿನ ವಿಚಾರಕ್ಕೆ ಬರೋಣ. ಕರ್ನಾಟಕವೂ ಸೇರಿದಂತೆ ಭಾರತದ ಏಳು ರಾಜ್ಯಗಳಲ್ಲಿ ಈ ರೋಗವಿತ್ತು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಒಂದೆರಡು ಮಿಲಿಮೀಟರಿನ ಜಲಜಂತು ಇರುತ್ತದೆ. ನಾರುಹುಳುವಿನ ಮರಿಗಳನ್ನು ಅದು ನುಂಗಿರುತ್ತದೆ. ಆ ನೀರನ್ನು ಕುಡಿದವನ ದೇಹದಲ್ಲಿ ಸುಮಾರು ಒಂದು ವರ್ಷ ಬೆಳೆದ ಹೆಣ್ಣುಹುಳು, ಹೆಚ್ಚಾಗಿ ಕಾಲಿನಲ್ಲಿ, ಹುಣ್ಣು ಮಾಡಿ ನೂಲಿನಂತೆ ಹೊರಬರುತ್ತದೆ. ಅವನು ಮೆಟ್ಟಿಲು ಬಾವಿಗಿಳಿದು ನೀರಿನಲ್ಲಿ ಕಾಲಿಟ್ಟೊಡನೆ ಹುಳು ಮರಿಗಳನ್ನು ಬಿಡುತ್ತದೆ. ಚಕ್ರ ಮತ್ತೆ ಆರಂಭವಾಗುತ್ತದೆ. ಇದರಲ್ಲಿ ಸೈಕ್ಲಾಪ್ಸಿನ ಪಾತ್ರವನ್ನು ೧೮೭೦ರ ಸುಮಾರಿಗೆ ಕಂಡವನು ರಷ್ಯದ ಫೆಡ್‌ಚೆಂಕೊ.

ನಮ್ಮ ವೈದ್ಯಗ್ರಂಥಗಳು ಈ ರೋಗವನ್ನು ಅರಿಯದವಲ್ಲ. ಭಾವಪ್ರಕಾಶವು ಸ್ನಾಯುಕವೆಂಬ ಹೆಸರಿನಿಂದ ಇದನ್ನು ಹೇಳುತ್ತದೆ. ಊತ, ಒಡೆಯುವ ಹುಣ್ಣು, ಹೊರಬರುವ ನೂಲು, ಅದು ತುಂಡಾದರೆ ಆಗುವ ಅನರ್ಥ, ಎಲ್ಲವೂ ಅಲ್ಲಿವೆ. ಕಾರಣವಾಗಿ ಹೇಳಿದುದು ಮಾತ್ರ ಕೈಕಾಲುಗಳಲ್ಲಿ ಕೆರಳಿದ ದೋಷವನ್ನು. ಅತ್ತ ಆಚಾರಗ್ರಂಥದಲ್ಲಿ ಬಟ್ಟೆಯ ಅಳತೆಯೂ ಇದೆ, ನೀರಿನಲ್ಲಿ ತ್ರಸಜೀವವಿದೆಯೆಂಬ ಖಚಿತ ತಿಳಿವಳಿಕೆಯೂ ಇದೆ, ರೋಗದ ಸುದ್ದಿಯಿಲ್ಲ. ವೈದ್ಯನಿಗೆ ನೂಲು ಗೊತ್ತಿತ್ತು, ಶ್ರಾವಕನಿಗೆ ಬಟ್ಟೆ ಗೊತ್ತಿತ್ತು. ಇವೆರಡನ್ನೂ ಜೋಡಿಸುವ ವಾಕ್ಯವನ್ನು ಈ ಲೇಖಕನು ನೋಡಿದ ಓಲೆಗಳಲ್ಲಿ ಯಾವ ಆಚಾರ್ಯನೂ ಬರೆದಿಲ್ಲ. ಆ ವಾಕ್ಯವನ್ನು ನಾವು ಬರೆದು ಅವರ ಹೆಸರಿಗೆ ಹಚ್ಚುವುದು ಪ್ರಕ್ಷೇಪವಲ್ಲದೆ ಬೇರೆಯಲ್ಲ.

ಆದರೂ ಗಮನಿಸಬೇಕಾದ ಅಂಶ ಇಲ್ಲಿಯೇ ಇದೆ. ಭಾರತದಲ್ಲಿ ೧೯೮೩-೮೪ರಲ್ಲಿ ಆರಂಭವಾದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವು ಹಳ್ಳಿಗಳಲ್ಲಿ ಮಾಡಿದ ಮುಖ್ಯ ಕೆಲಸಗಳಲ್ಲಿ ನೀರು ಸೋಸುವ ಬಟ್ಟೆಯನ್ನು ಹಂಚಿದುದೂ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದುದೂ ಸೇರಿವೆ. ಕೊನೆಯ ರೋಗಿ ಕಂಡುಬಂದುದು ೧೯೯೬ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತ ಈ ರೋಗದಿಂದ ಮುಕ್ತವೆಂದು ಸಾರಿತು. ಬಟ್ಟೆಯಲ್ಲಿ ಸಿಕ್ಕಿಕೊಂಡ ಆ ಸೈಕ್ಲಾಪ್ಸ್ ಬರಿಗಣ್ಣಿಗೆ ಚುಕ್ಕೆಯಾಗಿ ಕಾಣುವ, ಚಲಿಸುವ ಜೀವಿ. ಶ್ರಾವಕಾಚಾರದ ಮಾತಿನಲ್ಲಿ ಶುದ್ಧ ತ್ರಸ. ವಿಧಿ ಯಾವ ಜೀವವನ್ನು ಕುರಿತು ಹೇಳಿತೋ ಅದೇ ಜೀವದ ಮೂಲಕವೇ ಈ ರೋಗ ಬರುತ್ತಿತ್ತು. ನಿಗೋದವನ್ನು ಎಳೆದು ತರದೆಯೇ, ಗ್ರಂಥದ ಪರಿಭಾಷೆಯನ್ನು ಒಂದಿಷ್ಟೂ ತಿರುಚದೆಯೇ ಹೇಳಬಹುದಾದ ಸಂಗತಿ ಇದು. ಇದನ್ನು ಬಿಟ್ಟು ಜನರು ಬ್ಯಾಕ್ಟೀರಿಯದ ಬೆನ್ನು ಹತ್ತಿದುದು ಸೋಜಿಗ.

ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಹಳೆಯ ಹತ್ತಿಸೀರೆಯನ್ನು ನಾಲ್ಕು ಮಡಿಗೆ ಕಡಿಮೆಯಿಲ್ಲದಂತೆ ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡ ೪೮ರಷ್ಟು ಇಳಿಯಿತು. ಕಾಲರಾದ ಅಣುಜೀವಿ ಬಟ್ಟೆಯ ರಂಧ್ರಕ್ಕಿಂತ ಬಹಳ ಚಿಕ್ಕದು. ಆದರೆ ಅದು ಸೈಕ್ಲಾಪ್ಸಿನ ಬಳಗದ ಜಲಜಂತುಗಳಿಗೆ ಅಂಟಿಕೊಂಡಿರುವುದರಿಂದ ಅವುಗಳೊಡನೆ ಬಟ್ಟೆಯಲ್ಲಿ ನಿಲ್ಲುತ್ತದೆ. ಈ ಅಂಕಿಯನ್ನು ಉಲ್ಲೇಖಿಸುವವರು ಉಳಿದ ೫೨ನ್ನೂ ಉಲ್ಲೇಖಿಸಬೇಕು. ಸೋಸಿದರೆ ಸಾಕು, ಕಾಯಿಸುವುದು ಬೇಡ ಎಂದು ಈ ಅಧ್ಯಯನವೂ ಹೇಳಿಲ್ಲ, ನಮ್ಮ ವಿಧಿಯೂ ಹೇಳಿಲ್ಲ. ಹಾಗೆಯೇ ಜೈನರಲ್ಲಿ ನಾರುಹುಣ್ಣು ಇರಲೇ ಇಲ್ಲವೆಂದು ಬರೆಯುವವರು ಹಳ್ಳಿವಾರು ಎಣಿಕೆಯನ್ನು ಮುಂದಿಟ್ಟು ಬರೆಯಲಿ.

ಜೀವಾನಿಯನ್ನು ಬಾವಿಗೆ ಮರಳಿ ಬಿಟ್ಟರೆ ರೋಗವೂ ಬಾವಿಯಲ್ಲಿ ಉಳಿಯದೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸೋಸಿ ಕುಡಿದವನು ಪಾರಾದನು, ಸೋಸದ ನೆರೆಯವನು ಪಾರಾಗಲಿಲ್ಲ ಎಂಬುದು ನಿಜ. ಆದರೆ ಸೈಕ್ಲಾಪ್ಸ್ ತಾನಾಗಿ ರೋಗಕಾರಿಯಲ್ಲ. ಹುಣ್ಣಿನ ಕಾಲು ನೀರಿಗೆ ಬಿದ್ದಾಗ ಮಾತ್ರ ಅದು ರೋಗವಾಹಕವಾಗುತ್ತದೆ. ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿದೊಡನೆ ಒಂದು ಜೀವವನ್ನೂ ಕೊಲ್ಲದೆ ಚಕ್ರ ಮುರಿಯುತ್ತದೆ. ಜಂತುಗಳನ್ನು ಕೊಲ್ಲುವ ಮದ್ದನ್ನು ನೀರಿಗೆ ಬೆರೆಸುವ ಉಪಾಯವೂ ಬಳಕೆಯಲ್ಲಿತ್ತು; ಈ ಲೇಖಕನ ಒಲವು ಕಟ್ಟೆಯ ಕಡೆಗೆ. ಚಾಡ್ ದೇಶದಲ್ಲಿ ೨೦೧೨ರಿಂದ ನಾಯಿಗಳಲ್ಲಿ ಇದೇ ಹುಳು ಕಾಣಿಸಿಕೊಂಡಾಗ ಅಲ್ಲಿಯ ಕಾರ್ಯಕ್ರಮವು ರೋಗವಿದ್ದ ನಾಯಿಗಳನ್ನು ಹುಳು ಬೀಳುವವರೆಗೆ ನೀರಿನಿಂದ ದೂರ ಕಟ್ಟಿಹಾಕಿಸಿತು, ಮೀನಿನ ಕರುಳನ್ನು ನಾಯಿಗಳಿಗೆ ಸಿಗದಂತೆ ಹೂಳಿಸಿತು. ೨೦೨೩ರಲ್ಲಿ ಇಡೀ ಜಗತ್ತಿನಲ್ಲಿ ಈ ರೋಗ ತಗಲಿದ ಮನುಷ್ಯರು ೧೪ ಮಂದಿ. ಪಶುವಿನ ರೋಗವನ್ನು ತಡೆಯದೆ ಮನುಷ್ಯನ ರೋಗ ನಿಲ್ಲದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಪಶುಗಳ ಮಾತು ಬಂದುದರಿಂದ ಗೋವೈದ್ಯದ ವಿಷಯವನ್ನೂ ಹೇಳಬೇಕಾಗಿದೆ. ೧೨ನೆಯ ಶತಮಾನದ ಆದಿಭಾಗದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ಗೋವೈದ್ಯವನ್ನು ಇ. ಪಿ. ರೈಸ್ ತಮ್ಮ ಸಾಹಿತ್ಯಚರಿತ್ರೆಯಲ್ಲಿ ಅಂಶತಃ ವೈದ್ಯ, ಅಂಶತಃ ಮಾಂತ್ರಿಕ ಎಂದು ಬಣ್ಣಿಸಿದರು. ಈಗಿನವರು ಮಾಂತ್ರಿಕವನ್ನು ಬದಿಗಿರಿಸಿ ವೈದ್ಯದಲ್ಲಿ ರೋಗಾಣುವನ್ನು ಹುಡುಕುತ್ತಾರೆ. ಇಂಥ ಗ್ರಂಥಗಳನ್ನು ಓದುವಾಗ ಎರಡು ಪದಗಳಲ್ಲಿ ವಿಶೇಷ ಎಚ್ಚರ ಬೇಕು. ಸೋಂಕು ಎಂದರೆ ಹಳಗನ್ನಡದಲ್ಲಿ ಮುಟ್ಟುವಿಕೆ. ಗ್ರಹ ಪಿಶಾಚಗಳ ಮುಟ್ಟುವಿಕೆಯೂ ಸೋಂಕೇ. ಆಧುನಿಕ ವೈದ್ಯದ ಅರ್ಥ ಅದಕ್ಕೆ ಬಂದುದು ಈಚೆಗೆ. ಕ್ರಿಮಿ ಎಂದರೆ ಹುಳು, ಹೇನು ಮೊದಲಾದುವು. ರಕ್ತದಲ್ಲಿ ಹುಟ್ಟುವ ಕೆಲವು ಕ್ರಿಮಿಗಳು ಅತಿಸೂಕ್ಷ್ಮವಾದುದರಿಂದ ಕಾಣುವುದಿಲ್ಲವೆಂದು ಚರಕನು ಹೇಳಿದುದು ನಿಜ. ಆದರೆ ಅವು ಒಬ್ಬರಿಂದ ಒಬ್ಬರಿಗೆ ದಾಟುತ್ತವೆಂದು ಅಲ್ಲಿ ಹೇಳಿಲ್ಲ. ಸ್ಪರ್ಶ, ಸಹಭೋಜನ, ಹಾಸಿಗೆ, ಬಟ್ಟೆಗಳಿಂದ ಜ್ವರ, ಕುಷ್ಠ ಮೊದಲಾದವು ಒಬ್ಬರಿಂದ ಒಬ್ಬರಿಗೆ ಹರಡುತ್ತವೆಂದವನು ಸುಶ್ರುತ, ಅದೂ ನಿದಾನಸ್ಥಾನದಲ್ಲಿ. ಸಾಂಕ್ರಾಮಿಕತೆಯ ಪ್ರಾಚೀನ ಕಲ್ಪನೆಯನ್ನು ಅರಸುವವರು ಅಲ್ಲಿಂದ ಹೊರಡಬೇಕೇ ಹೊರತು ಜೀವಕಾಂಡದಿಂದಲ್ಲ.

ಇದು ಬರಿಯ ಪದಜಗಳವೆಂದು ಕೆಲವರು ಎನ್ನಬಹುದು. ಹಾಗಲ್ಲ. ಆಚಾರಶುದ್ಧಿಯೊಂದೇ ರೋಗವನ್ನು ತಡೆಯುವುದೆಂದು ಗ್ರಂಥದ ಹೆಸರಿನಲ್ಲಿ ಹೇಳಿದರೆ ಕೇಳಿದವನು ಲಸಿಕೆಯನ್ನು ಉಪೇಕ್ಷಿಸುತ್ತಾನೆ. ೨೦೨೨ರಲ್ಲಿ ದನಗಳ ಚರ್ಮಗಂಟು ರೋಗ ಗುಜರಾತ, ರಾಜಸ್ಥಾನಗಳಲ್ಲಿ ಹಬ್ಬಿ ಕರ್ನಾಟಕಕ್ಕೂ ಬಂದಿತು. ಅದನ್ನು ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು. ನೀರು ಸೋಸಿದರೆ ಅದು ನಿಲ್ಲದು. ಬೇರೆ ಬೇರೆ ಊರುಗಳ ದನಗಳನ್ನು ಒಂದೆಡೆ ಸೇರಿಸುವ ಗೋಶಾಲೆ, ಪಿಂಜರಾಪೋಳಗಳಲ್ಲಿ ಹೊಸದಾಗಿ ಬಂದ ಪಶುವನ್ನು ಕೆಲಕಾಲ ಪ್ರತ್ಯೇಕ ಕಟ್ಟದಿದ್ದರೆ, ಲಸಿಕೆ ಹಾಕಿಸದಿದ್ದರೆ, ದಯೆಯಿಂದ ಕಟ್ಟಿದ ಕೊಟ್ಟಿಗೆಯೇ ರೋಗದ ಮನೆಯಾಗುತ್ತದೆ. ಸಾವಿರಾರು ವರ್ಷ ದನಗಳನ್ನು ಕೊಂದ ರಿಂಡರ್‌ಪೆಸ್ಟ್ ಎಂಬ ಮಹಾಮಾರಿ ಭೂಮಿಯಿಂದ ಅಳಿದುದಾಗಿ ೨೦೧೧ರಲ್ಲಿ ಸಾರಲಾಯಿತು, ಅಳಿಸಿದುದು ಲಸಿಕೆ. ಲಸಿಕೆಯ ತಯಾರಿಯಲ್ಲಿ ಹಿಂಸೆಯಿದೆಯಲ್ಲವೆ ಎಂಬ ಪ್ರಶ್ನೆಯನ್ನು ಗೃಹಸ್ಥನ ಆರಂಭೀ ಹಿಂಸೆಯ ಪ್ರಕರಣದಲ್ಲಿಟ್ಟು ವಿಚಾರಿಸಬಹುದು, ವಿಚಾರಿಸಲೇಬೇಕು. ಮಾಂಸವನ್ನು ಔಷಧವಾಗಿ ಬಳಸುವುದನ್ನು ಖಂಡಿಸಿದ ಕಲ್ಯಾಣಕಾರಕದ ಉಗ್ರಾದಿತ್ಯನು ಅಹಿಂಸಾವ್ರತವನ್ನಷ್ಟೇ ಮುಂದಿಟ್ಟು ಸುಮ್ಮನಾಗಲಿಲ್ಲ, ವೈದ್ಯರೊಡನೆ ವೈದ್ಯದ ಯುಕ್ತಿಗಳಿಂದಲೇ ವಾದಿಸಿದನು. ಆ ಮಾದರಿ ನಮ್ಮ ಮುಂದಿದೆ.

ವೈದ್ಯದ ಓಲೆಗಳನ್ನು ಸಂಪಾದಿಸುವವರಲ್ಲಿ ಒಂದು ವಿನಂತಿ. ಶಬ್ದಕೋಶದಲ್ಲಿ ಕ್ರಿಮಿ, ಜಂತು, ಸೋಂಕು ಎಂಬ ಪದಗಳ ಮುಂದೆ ರೋಗಾಣು ಎಂದೋ ರೋಗ ತಗಲುವಿಕೆ ಎಂದೋ ಬರೆದು ಮುಗಿಸಬಾರದು. ಪದ ಬಂದ ಪ್ರಸಂಗವನ್ನೂ ಪಾಠಾಂತರವನ್ನೂ ಕೊಟ್ಟು, ಇಂದಿನ ಅರ್ಥವನ್ನು ಸೂಚಿಸಲೇಬೇಕೆನಿಸಿದರೆ ಅದು ಸಂಪಾದಕರದೆಂದು ತಿಳಿಯುವಂತೆ ಆವರಣದಲ್ಲಿ ಬೇರೆಯಾಗಿ ಕೊಡಬೇಕು.