ಏಣಿಯ ಕಾಣದ ಮೆಟ್ಟಿಲು: ನಗರ ವಿನ್ಯಾಸದಲ್ಲಿ ಸಹಭಾಗಿತ್ವ ಮತ್ತು ಗಡಿನಾಡಿನ ಭಾಷೆ

ನಗರ ಯೋಜನೆಯಲ್ಲಿ ನಾಗರಿಕರ ಸಹಭಾಗಿತ್ವವನ್ನು ಕುರಿತ ಚರ್ಚೆ ಶೆರಿ ಅರ್ನ್‌ಸ್ಟೀನ್ 1969ರಲ್ಲಿ ಪ್ರಕಟಿಸಿದ ಲೇಖನವನ್ನು ಬಿಟ್ಟು ಮುಂದೆ ಹೋಗುವುದು ಅಪರೂಪ. ‘ಸಹಭಾಗಿತ್ವದ ಏಣಿ’ ಎಂದು ಹೆಸರಾದ ಆ ಬರಹ ಎಂಟು ಮೆಟ್ಟಿಲುಗಳನ್ನು ಗುರುತಿಸುತ್ತದೆ. ಕೆಳಗಿನ ಎರಡರಲ್ಲಿ ನಾಗರಿಕರನ್ನು ಒಲಿಸಿಕೊಳ್ಳುವ, ತಿದ್ದುವ ಕೆಲಸವಷ್ಟೇ ನಡೆಯುತ್ತದೆ. ನಡುವಿನ ಮೂರರಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಬರುತ್ತವೆ. ಮೇಲಿನ ಮೂರರಲ್ಲಿ ಮಾತ್ರ ಪಾಲುದಾರಿಕೆ, ಅಧಿಕಾರದ ಹಸ್ತಾಂತರ ಹಾಗೂ ನಾಗರಿಕ ನಿಯಂತ್ರಣ ಇವೆ. ಅಧಿಕಾರದ ಮರುಹಂಚಿಕೆಯಿಲ್ಲದ ಸಹಭಾಗಿತ್ವ ಬರಿಯ ಆಚರಣೆ ಎಂಬುದು ಅವರ ನಿಲುವು. ಅಮೆರಿಕದ ನಗರ ನವೀಕರಣ ಮತ್ತು ಮಾದರಿ ನಗರ ಕಾರ್ಯಕ್ರಮಗಳ ಅನುಭವದಿಂದ ಮೂಡಿದ ಈ ನಿಲುವಿನ ಹರಿತ ಇಂದಿಗೂ ಮೊಂಡಾಗಿಲ್ಲ. ಆದರೆ ಗಡಿನಾಡಿನ ಪಟ್ಟಣವೊಂದರ ಗೋಡೆಗೆ ಈ ಏಣಿಯನ್ನು ಒರಗಿಸಿದರೆ ಅದರ ಬುಡ ನೆಲಕ್ಕೆ ತಾಗುವುದಿಲ್ಲ. ನಗರಾಡಳಿತವೂ ನಾಗರಿಕರೂ ಯಾವ ಭಾಷೆಯಲ್ಲಿ ಮುಖಾಮುಖಿಯಾಗುತ್ತಾರೆ ಎಂಬ ಇನ್ನೊಂದು ಮೆಟ್ಟಿಲು ಅಲ್ಲಿ ಮೊದಲೇ ಬೇಕಾಗುತ್ತದೆ.

ಏಣಿಯ ರೂಪಕಕ್ಕೆ ಮಿತಿಗಳಿವೆ ಎಂಬುದನ್ನು ಅರ್ನ್‌ಸ್ಟೀನ್ ಅವರೇ ಒಪ್ಪಿದ್ದರು. ಅಧಿಕಾರಸ್ಥರ ಕಡೆಯ ವರ್ಣಭೇದ ಮತ್ತು ಪೋಷಕ ಮನೋಭಾವವನ್ನೂ ಬಡ ಸಮುದಾಯಗಳ ಸಂಘಟನೆ ಹಾಗೂ ತಿಳಿವಳಿಕೆಯ ಕೊರತೆಯನ್ನೂ ಅವರು ಅಡ್ಡಿಗಳೆಂದು ಹೆಸರಿಸಿದರು. ಈ ವಿಂಗಡಣೆಯಲ್ಲಿ ಭಾಷೆಗೆ ಸ್ವತಂತ್ರ ಸ್ಥಾನವಿಲ್ಲ. ಅದನ್ನು ತಿಳಿವಳಿಕೆಯ ಕೊರತೆಯೊಳಗೆ ಅಡಗಿಸುವುದೂ ಸರಿಯಾಗದು. ಕನ್ನಡ ಮಾಧ್ಯಮದಲ್ಲಿ ಓದಿದ, ಭೂದಾಖಲೆಯನ್ನು ಅರ್ಥಮಾಡಿಕೊಳ್ಳಬಲ್ಲ ವ್ಯಕ್ತಿ ಇನ್ನೊಂದು ಲಿಪಿಯ ಪ್ರಕಟಣೆಯ ಮುಂದೆ ಅನಕ್ಷರಸ್ಥನಾಗುತ್ತಾನೆ. ಇಲ್ಲಿ ಕೊರತೆ ಇರುವುದು ಪ್ರಕಟಣೆಯಲ್ಲಿ.

ಸೊಲ್ಲಾಪುರವನ್ನು ನೋಡಬಹುದು. ಮರಾಠಿ, ಕನ್ನಡ, ತೆಲುಗು, ದಖನಿ ಉರ್ದುಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಊರು ಅದು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಸೊನ್ನಲಿಗೆ ಇದೇ, ಕೆರೆ ಕಟ್ಟಿಸಿದ ಶರಣನೊಬ್ಬನ ನೆನಪಿನಲ್ಲಿ ತನ್ನ ಗುರುತನ್ನು ಕಂಡುಕೊಂಡ ನಗರ. ಅಲ್ಲಿ ಅನ್ವಯವಾಗುವ 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 26ನೆಯ ಕಲಮಿನ ಪ್ರಕಾರ, ಅಭಿವೃದ್ಧಿ ಯೋಜನೆಯ ಕರಡು ಸಿದ್ಧವಾದುದನ್ನು ರಾಜ್ಯಪತ್ರದಲ್ಲೂ ಸ್ಥಳೀಯ ಪತ್ರಿಕೆಗಳಲ್ಲೂ ಪ್ರಕಟಿಸಿ ಆಕ್ಷೇಪ, ಸಲಹೆಗಳನ್ನು ಆಹ್ವಾನಿಸಬೇಕು. ಬಂದವುಗಳನ್ನು 28ನೆಯ ಕಲಮಿನಡಿ ರಚಿತವಾದ ಯೋಜನಾ ಸಮಿತಿ ಆಲಿಸುತ್ತದೆ. ಅರ್ನ್‌ಸ್ಟೀನ್ ಅವರ ಏಣಿಯಲ್ಲಿ ಇದು ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲು. ವಿಮರ್ಶೆ ನಿಲ್ಲಬೇಕಾದದ್ದು ‘ಸ್ಥಳೀಯ’ ಎಂಬ ವಿಶೇಷಣದ ಬಳಿ. ಕಾಯಿದೆಗೆ ಸ್ಥಳವೆಂದರೆ ಭೂಗೋಳ. ಆ ಭೂಗೋಳದಲ್ಲಿ ಎಷ್ಟು ಭಾಷೆಗಳು ಬಾಳುತ್ತವೆ ಎಂಬುದು ಈ ಪದದ ಅರ್ಥದೊಳಗೆ ಬರುವುದಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರ ಸ್ಥಾನ ಪಡೆಯಿತು. ಆ ಸ್ಪರ್ಧೆ ನಾಗರಿಕರೊಂದಿಗಿನ ಸಮಾಲೋಚನೆಯನ್ನೂ ಒಂದು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಇಂಥ ಅಳತೆ ಪ್ರತಿಕ್ರಿಯೆಗಳ ಎಣಿಕೆಯಾಗಿಬಿಟ್ಟರೆ, ಯಾರು ಯಾವ ಭಾಷೆಯಲ್ಲಿ ಮಾತಾಡಿದರು, ಯಾರು ಸುಮ್ಮನಿದ್ದರು ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆಗಳೇ ಇಲ್ಲವೆಂದಲ್ಲ. ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಉತ್ತರದ ಭಾಷೆಯ ಬಗ್ಗೆ ಮೌನವಾಗಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಒಂದು ಹೆಜ್ಜೆ ಮುಂದಿದೆ: ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿ, 1956ರಲ್ಲಿ, ಕೇಂದ್ರ ಸರ್ಕಾರ ಹೊರಡಿಸಿದ ರಕ್ಷಣೆಗಳ ಟಿಪ್ಪಣಿ, ಅಲ್ಪಸಂಖ್ಯಾತರ ಪ್ರಮಾಣ ಶೇಕಡಾ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸುವುದು ಸೂಕ್ತವೆಂದಿತು.

ಈ ಮೂರೂ ಏರ್ಪಾಡುಗಳು ಅರ್ಜಿದಾರನನ್ನು ಕಣ್ಣ ಮುಂದಿಟ್ಟುಕೊಂಡು ರೂಪುಗೊಂಡವು. ಅರ್ಜಿದಾರ ಬರೆಯುತ್ತಾನೆ, ಕಾಯುತ್ತಾನೆ, ಉತ್ತರ ಪಡೆಯುತ್ತಾನೆ. ನಗರ ವಿನ್ಯಾಸ ನಡೆಯುವ ಬಗೆ ಬೇರೆ. ರಸ್ತೆ ಎಷ್ಟು ಅಗಲವಾಗಬೇಕು, ಮೀನು ಮಾರುಕಟ್ಟೆ ಎಲ್ಲಿಗೆ ಹೋಗಬೇಕು, ಮಳೆನೀರು ಯಾವ ತೋಡಿನಲ್ಲಿ ಹರಿಯುತ್ತದೆ ಎಂಬುದು ನಕಾಶೆಯನ್ನು ಹರಡಿಕೊಂಡು, ಬೆರಳಿಟ್ಟು, ವಾದಿಸುತ್ತ ತೀರ್ಮಾನವಾಗಬೇಕಾದ ವಿಷಯ. ಅಲ್ಲಿ ನಕಾಶೆಯ ಮೇಲಿನ ಸ್ಥಳನಾಮ, ಬಣ್ಣಗಳ ವಿವರಣೆ, ಸಭೆಯ ನಡಾವಳಿ ಇವೆಲ್ಲವೂ ಭಾಷೆಯ ಪ್ರಶ್ನೆಗಳೇ. ನೆಲ್ಲಿಕುಂಜೆ ಎಂದು ಒಬ್ಬರು, ನೆಲ್ಲಿಕ್ಕುನ್ನ್ ಎಂದು ಇನ್ನೊಬ್ಬರು ಕರೆಯುವ ಜಾಗಕ್ಕೆ ನಕಾಶೆ ಒಂದೇ ಹೆಸರನ್ನು ಕೊಟ್ಟರೆ, ಚರ್ಚೆ ತೊಡಗುವ ಮುನ್ನವೇ ಒಬ್ಬರು ಅತಿಥಿಯಾಗಿಬಿಡುತ್ತಾರೆ.

ಈ ದೃಷ್ಟಿಯಿಂದ ಕಾಸರಗೋಡಿನ ಸ್ಥಿತಿ ವಿಶೇಷವಾದದ್ದು. 1996ರಲ್ಲಿ ತೊಡಗಿದ ಕೇರಳದ ಜನತಾ ಯೋಜನಾ ಆಂದೋಲನ ರಾಜ್ಯದ ಯೋಜನಾ ವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಅದಕ್ಕೂ ಮೊದಲೇ ನೆರೆಯ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯಲ್ಲಿ ಊರವರೇ ಸೇರಿ ಸಂಪನ್ಮೂಲ ನಕಾಶೆ ತಯಾರಿಸಿದ್ದರು. ಯೋಜನೆಯನ್ನು ತಜ್ಞರ ಇಂಗ್ಲಿಷಿನಿಂದ ಜನರ ಮಾತಿಗೆ ಇಳಿಸಿದ್ದು ಆ ಪ್ರಯೋಗಗಳ ದೊಡ್ಡ ಸಾಧನೆ. ಮಲಯಾಳಕ್ಕೆ ಸಂದ ಈ ನ್ಯಾಯ ಚಂದ್ರಗಿರಿ ಹೊಳೆಯ ಉತ್ತರದ ಕನ್ನಡಕ್ಕೂ ಸಲ್ಲಬೇಕೆಂಬುದು ಆಂದೋಲನದ ತರ್ಕವನ್ನೇ ಪೂರ್ಣಗೊಳಿಸುವ ಬೇಡಿಕೆ. 2011ರ ಜನಗಣತಿಯಲ್ಲಿ 54,172 ಜನಸಂಖ್ಯೆಯಿದ್ದ ಕಾಸರಗೋಡು ನಗರಸಭೆಗೆ 1994ರ ಕೇರಳ ನಗರಸಭಾ ಕಾಯಿದೆಯ ವಾರ್ಡ್ ಸಭೆ ಅನ್ವಯಿಸುತ್ತದೆ. ‘ನಗರಸಭೆ’, ‘ವಾರ್ಡ್ ಸಭೆ’ ಎಂಬ ಮಾತುಗಳು ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಳಗಿನ ಮಾತುಕತೆಯೂ ಎಲ್ಲರಿಗೂ ತಲುಪುತ್ತದೆ ಎಂಬ ಭ್ರಮೆ ಹುಟ್ಟುವುದು ಸುಲಭ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಗಡಿನಾಡಿಗರಿಗೆ ಎರಡೂ ಭಾಷೆಗಳು ಬರುತ್ತವಲ್ಲ ಎಂಬುದು ಮೊದಲನೆಯದು. ಪೇಟೆಯ ವ್ಯವಹಾರಕ್ಕೆ ಸಾಕಾಗುವ ಭಾಷೆಯಿಂದ ಭೂಸ್ವಾಧೀನದ ಕರಡನ್ನು ಪ್ರಶ್ನಿಸಲಾಗದು. ಐರಿಸ್ ಮರಿಯನ್ ಯಂಗ್ 2000ದಲ್ಲಿ ಪ್ರಕಟಿಸಿದ ಕೃತಿಯಲ್ಲಿ ‘ಆಂತರಿಕ ಹೊರಗಿಡುವಿಕೆ’ ಎಂದು ಕರೆದದ್ದು ಇದನ್ನೇ ಹೋಲುತ್ತದೆ: ಸಭೆಯಲ್ಲಿ ಕುರ್ಚಿ ಸಿಕ್ಕಿದರೂ ಮಾತಿಗೆ ತೂಕ ಸಿಗದಿರುವುದು. ಎರಡನೆಯ ಆಕ್ಷೇಪ ಕನ್ನಡ ಪಕ್ಷವನ್ನೇ ಮುಜುಗರಕ್ಕೆ ಒಡ್ಡುತ್ತದೆ. ಕಾಸರಗೋಡಿನ ಕನ್ನಡ ಬಹುಮಂದಿಗೆ ಶಾಲೆಯ, ಬರಹದ ಭಾಷೆ. ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು. ಆದ್ದರಿಂದ ಕನ್ನಡದ ಪ್ರಕಟಣೆ ಅಗತ್ಯವಾದರೂ ಅದಷ್ಟೇ ಸಾಲದು. ಸಭೆಯಲ್ಲಿ ತುಳುವಿನಲ್ಲಿ ಎತ್ತಿದ ಆಕ್ಷೇಪವೂ ನಡಾವಳಿಯಲ್ಲಿ ದಾಖಲಾಗಬೇಕು.

ಗಡಿನಾಡ ಕನ್ನಡದ ಹೋರಾಟ ಇದುವರೆಗೆ ಮುಖ್ಯವಾಗಿ ಶಾಲೆ, ನೌಕರಿ ಮತ್ತು ವಿಲೀನದ ಪ್ರಶ್ನೆಗಳ ಸುತ್ತ ನಡೆದಿದೆ. ಊರಿನ ನಾಳೆಯ ಆಕಾರವನ್ನು ನಿರ್ಧರಿಸುವ ಕರಡು ನಕಾಶೆಗೆ ಅದರಲ್ಲಿ ಸಿಕ್ಕ ಗಮನ ಕಡಿಮೆ. ವಾರ್ಡ್ ಮಟ್ಟದ ಭಾಷಾ ಪ್ರಮಾಣವನ್ನು ಆಧರಿಸಿದ ಪ್ರಕಟಣೆ, ಎರಡು ಲಿಪಿಗಳ ನಕಾಶೆ, ಆಡಿದ ಭಾಷೆಯಲ್ಲೇ ಬರೆದಿಟ್ಟ ನಡಾವಳಿ, ತಿರಸ್ಕರಿಸಿದ ಪ್ರತಿ ಆಕ್ಷೇಪಕ್ಕೂ ಅದೇ ಭಾಷೆಯಲ್ಲಿ ಕಾರಣ: ಇವು ಯಾವ ಗಡಿಯನ್ನೂ ಕದಲಿಸದೆ ಈಡೇರಬಲ್ಲ ಬೇಡಿಕೆಗಳು. ಯೋಜನಾ ಪರಿಭಾಷೆಯನ್ನು ಗಡಿನಾಡಿನ ಕನ್ನಡದಲ್ಲಿ ಸಿದ್ಧಪಡಿಸುವ ಹೊಣೆ ದ್ವಿಭಾಷಾ ವಿದ್ವತ್ತಿನದು. ಈ ಕೆಲಸ ಆಗದಿದ್ದರೆ ಅರ್ನ್‌ಸ್ಟೀನ್ ಏಣಿಯ ಎಂಟನೆಯ ಮೆಟ್ಟಿಲಿನ ಕುರಿತ ಸೆಮಿನಾರುಗಳು ನಡೆಯುತ್ತಲೇ ಇರುತ್ತವೆ. ಆಕ್ಷೇಪಕ್ಕೆ ಕೊಟ್ಟ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ.