ಕಲ್ಲಿದ್ದಲು ಸೀಮೆಯ ಹಾಡುಗಾತಿಯರು

ಹೇಜಲ್ ಡಿಕನ್ಸ್ ಅವರದು ಇಂಪಾದ ಕಂಠವಲ್ಲ. ಮೇಲಿನ ಸ್ವರಕ್ಕೇರಿದರೆ ಬಿರಿಯುತ್ತದೆ, ಸಾಲಿನ ಕೊನೆಗೆ ಹರಿತವಾಗಿ ತುಂಡಾಗುತ್ತದೆ. ಅಮೆರಿಕದ ಕಂಟ್ರಿ ಸಂಗೀತವೆಂದರೆ ನ್ಯಾಶ್‌ವಿಲ್‌ನ ನಯ ನಾಜೂಕು ಎಂದುಕೊಂಡವರಿಗೆ ಮೊದಲ ಸಲ ಕಿರಿಕಿರಿಯೇ ಆದೀತು. ಆದರೂ ಅಪಲೇಷಿಯಾ ಬೆಟ್ಟಗಳ ಗಣಿ ಕಾರ್ಮಿಕರ ಹಾಡಿನ ಪರಂಪರೆಯನ್ನು ತೂಗಿ ನೋಡುವುದಾದರೆ ಈ ಒರಟು ದನಿಯಿಂದಲೇ ಶುರುಮಾಡುವುದು ಒಳ್ಳೆಯದು.

ಆ ಪರಂಪರೆಯನ್ನು 'ಪ್ರತಿಭಟನೆಯ ಹಾಡು' ಎಂಬ ಖಾನೆಗೆ ಸೇರಿಸಿ ಕೈತೊಳೆದುಕೊಳ್ಳುವುದು ರೂಢಿ. ಅದಕ್ಕೆ ಕಾರಣವೂ ಇದೆ. 1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯಲ್ಲಿ ಗಣಿ ಸಂಘರ್ಷ ನಡೆದಿದ್ದಾಗ, ಸಂಘ ಕಟ್ಟುತ್ತಿದ್ದ ಗಂಡನನ್ನು ಹುಡುಕಿಕೊಂಡು ಶೆರಿಫ್‌ನ ಆಳುಗಳು ಫ್ಲಾರೆನ್ಸ್ ರೀಸ್ ಅವರ ಮನೆಗೆ ನುಗ್ಗಿದರು. ಆಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು 'ವಿಚ್ ಸೈಡ್ ಆರ್ ಯು ಆನ್' ಬರೆದರು. ಗಾಯಕಿ ಆಂಟ್ ಮಾಲಿ ಜಾಕ್ಸನ್ ಮತ್ತು ಅವರ ಮಲತಂಗಿ ಸಾರಾ ಓಗನ್ ಗನ್ನಿಂಗ್ ಕೆಂಟಕಿಯಿಂದ ಹೋಗಿ ನ್ಯೂಯಾರ್ಕಿನ ಎಡಪಂಥೀಯರ ನಡುವೆ ಹೆಸರಾದರು. ಈ ಹಾಡುಗಳಲ್ಲಿ ನಗರದವರಿಗೆ ಹೆಚ್ಚಾಗಿ ಕೇಳಿಸಿದ್ದು ಘೋಷಣೆ. ಮೂವರೂ ಹೆಂಗಸರು, ಮೂವರೂ ಎತ್ತಿಕೊಂಡದ್ದು ಚರ್ಚಿನ ಮಟ್ಟು, ಹಳೆಯ ಲಾವಣಿಯ ಧಾಟಿ ಎಂಬುದು ಹಿಂದೆ ಉಳಿಯಿತು. ನನಗೆ ಮುಖ್ಯವಾಗಿ ಕಾಣುವುದು ಅದೇ. ಈ ಪರಂಪರೆಯ ಗಟ್ಟಿತನ ಇರುವುದು ಕೂಗಿನಲ್ಲಲ್ಲ, ಶೋಕದಲ್ಲಿ. ನಮ್ಮಲ್ಲಿ ಸಾವಿನ ಮನೆಯ ಹೆಂಗಸರು ಹಾಡಿಕೊಂಡು ಅಳುವಾಗ ಸತ್ತವರ ಗುಣಗಾನದ ನಡುವೆಯೇ ಬದುಕಿದ್ದವರ ಲೆಕ್ಕವನ್ನೂ ಚುಕ್ತಾ ಮಾಡುತ್ತಾರಲ್ಲ, ಹಾಗೆ.

ಡಿಕನ್ಸ್ ಹುಟ್ಟಿದ್ದು ವೆಸ್ಟ್ ವರ್ಜೀನಿಯಾದ ಮರ್ಸರ್ ಕೌಂಟಿಯಲ್ಲಿ, ಹನ್ನೊಂದು ಮಕ್ಕಳ ಮನೆಯಲ್ಲಿ. ತಂದೆ ಗಣಿಗಳಿಗೆ ಮರ ಸಾಗಿಸುತ್ತಿದ್ದರು. ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಬೋಧಕರೂ ಹೌದು. ಆ ಪಂಥದ ಚರ್ಚಿನಲ್ಲಿ ವಾದ್ಯಕ್ಕೆ ಜಾಗವಿಲ್ಲ. ಹಾಡಿಗೆ ಬರಿಯ ಗಂಟಲೇ ಆಸರೆ. 1950ರ ದಶಕದ ಆರಂಭದಲ್ಲಿ ಅವರು ಕೆಲಸ ಹುಡುಕಿಕೊಂಡು ಬಾಲ್ಟಿಮೋರ್‌ಗೆ ಹೋದರು. ಹಗಲು ಕಾರ್ಖಾನೆ, ಅಂಗಡಿಯ ದುಡಿಮೆ; ರಾತ್ರಿ ಬಾರುಗಳಲ್ಲಿ ಬಾಸ್ ವಾದನ. ಕ್ಷಯದಿಂದ ಆಸ್ಪತ್ರೆ ಸೇರಿದ್ದ ಅವರ ಅಣ್ಣನಿಗೆ ಅಲ್ಲೇ ಕೆಲಸಕ್ಕಿದ್ದ ಸಂಗೀತಗಾರ ಮೈಕ್ ಸೀಗರ್ ಪರಿಚಯವಾಯಿತು. ನಗರದ ಜನಪದ ಸಂಗೀತದ ಬಳಗಕ್ಕೆ ಬಾಗಿಲು ತೆರೆದದ್ದು ಹೀಗೆ. ಮುಂದೆ ಅವರನ್ನು 'ಬೆಟ್ಟದ ಅಪ್ಪಟ ದನಿ' ಎಂದು ಹೊಗಳಿದವರು ಒಂದು ವಿಷಯ ಮರೆತರು: ಹಾಡುಗಳೆಲ್ಲ ಹುಟ್ಟಿದ್ದು ಬೆಟ್ಟ ಬಿಟ್ಟ ಮೇಲೆ. ಆಕೆ ಕೇಳಿದ್ದನ್ನು ಒಪ್ಪಿಸುವ ಹಾಡುಗಾತಿಯಲ್ಲ, ಕೂತು ಬರೆದ ಕವಿ.

'ಬ್ಲ್ಯಾಕ್ ಲಂಗ್' ಕೇಳಿದರೆ ಈ ಮಾತು ಅರ್ಥವಾಗುತ್ತದೆ. ಕಲ್ಲಿದ್ದಲ ದೂಳು ತುಂಬಿ ಶ್ವಾಸಕೋಶ ಕೆಟ್ಟು ಸತ್ತ ಮತ್ತೊಬ್ಬ ಅಣ್ಣ ಥರ್ಮನ್‌ಗಾಗಿ ಕಟ್ಟಿದ ಹಾಡು. ವಾದ್ಯವಿಲ್ಲ. ರೋಗವನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತಾಡುತ್ತಾರೆ. ಬೇಡಿಕೊಂಡು ಹೋದಾಗ ಬಾಗಿಲು ಹಾಕಿಕೊಂಡ ಯಜಮಾನ ಕೊನೆಗೆ ಸಮಾಧಿಗೆ ಬರುತ್ತಾನೆ, ಕೈಯಲ್ಲಿ ಚಿಕ್ಕದೊಂದು ಹೂಗೊಂಚಲು. ಧಿಕ್ಕಾರವಿಲ್ಲ, ಸಂಘದ ಹೆಸರಿಲ್ಲ. ಆ ಹೂವೇ ಸಾಕು.

ಇದರ ಪಕ್ಕದಲ್ಲಿ 'ದೇ ವಿಲ್ ನೆವರ್ ಕೀಪ್ ಅಸ್ ಡೌನ್' ಇಟ್ಟು ನೋಡಿ. ಬಾರ್ಬರಾ ಕಾಪಲ್ ಅವರ 1976ರ ಸಾಕ್ಷ್ಯಚಿತ್ರ 'ಹಾರ್ಲನ್ ಕೌಂಟಿ ಯುಎಸ್‌ಎ'ಗೆ ಬಂದ ಹಾಡು; ಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಸಭೆಯಲ್ಲಿ ಮೈ ನವಿರೇಳಿಸುತ್ತದೆ, ಸರಿ. ಆದರೆ ಯಾವ ಊರಿನ ಯಾವ ಮುಷ್ಕರಕ್ಕೂ ಹೊಂದುವ ಹಾಡದು, ಹೊಂದುವುದೇ ಅದರ ದೌರ್ಬಲ್ಯ. 1968ರ ನವೆಂಬರ್ 20ರಂದು ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್‌ನಲ್ಲಿ ಗಣಿ ಸಿಡಿದು 78 ಮಂದಿ ಸತ್ತರು. ಆ ದುರಂತದ ಮೇಲಿನ 'ಮ್ಯಾನಿಂಗ್ಟನ್' ಹಾಡು ಇವೆರಡರ ನಡುವೆ ನಿಲ್ಲುತ್ತದೆ: ಅಲ್ಲಿ ಊರಿದೆ, ಹೆಣಗಳಿವೆ, ಉತ್ತರ ಕೊಡಬೇಕಾದವರೂ ಇದ್ದಾರೆ.

ಗಣಿಯ ವಿಷಯದಿಂದ ಹೊರಬಂದಾಗಲೂ ಡಿಕನ್ಸ್ ಅವರ ಕಣ್ಣು ಲೆಕ್ಕದ ಮೇಲೆಯೇ. 1952ರಲ್ಲಿ ಕಂಟ್ರಿ ಗಾಯಕ ಹ್ಯಾಂಕ್ ಥಾಂಪ್ಸನ್ ಬಾರಿನ ಹೆಣ್ಣನ್ನು ದೂರಿ ಹಾಡಿದರು. ಅದೇ ವರ್ಷ ಗಾಯಕಿ ಕಿಟ್ಟಿ ವೆಲ್ಸ್ ತಿರುಗೇಟು ಕೊಟ್ಟು ಚರಿತ್ರೆ ಬರೆದರು. ತಮಾಷೆಯೆಂದರೆ ಆ ತಿರುಗೇಟನ್ನು ಬರೆದುಕೊಟ್ಟವನೂ ಒಬ್ಬ ಗಂಡಸು, ಜೆ. ಡಿ. ಮಿಲ್ಲರ್. 1973ರಲ್ಲಿ ಬಂದ 'ಡೋಂಟ್ ಪುಟ್ ಹರ್ ಡೌನ್' ಡಿಕನ್ಸ್ ತಾವೇ ಬರೆದದ್ದು. ಬಾಲ್ಟಿಮೋರಿನ ಬಾರುಗಳಲ್ಲಿ ವೇದಿಕೆಯ ಮೇಲಿಂದ ಕಂಡ ಹೆಂಗಸರ ಪರವಾಗಿ, ಅವರ ಪಕ್ಕದಲ್ಲಿ ಕೂತು ಕುಡಿಯುವ ಗಂಡಸರ ಮುಖಕ್ಕೇ ಹೇಳಿದ ಮಾತು. ಕಂಟ್ರಿ ಸಂಗೀತದ ಹೆಣ್ಣುದನಿಯ ಚರ್ಚೆಯಲ್ಲಿ ವೆಲ್ಸ್‌ಗೆ ಸಿಕ್ಕ ಜಾಗದ ಕಾಲುಭಾಗವೂ ಇದಕ್ಕೆ ಸಿಕ್ಕಿಲ್ಲ.

'ವೆಸ್ಟ್ ವರ್ಜೀನಿಯಾ, ಮೈ ಹೋಮ್' ಜನಪ್ರಿಯ. ನನಗೆ ಸ್ವಲ್ಪ ಸಿಹಿ ಹೆಚ್ಚು. ಗಾಯಕಿ ಆಲಿಸ್ ಜೆರಾರ್ಡ್ ಜೊತೆಗಿನ ಜೋಡಿ ಗಾಯನ ಹಾಗಲ್ಲ. ಬಿಲ್ ಮನ್ರೋ ಕಟ್ಟಿದ ಬ್ಲೂಗ್ರಾಸ್ ಸಂಗೀತಶೈಲಿಯಲ್ಲಿ ಮುಖ್ಯ ದನಿಯ ಮೇಲೆ ಸವಾರಿ ಮಾಡುವ ಎತ್ತರದ ದನಿ ಗಂಡಸರ ಸೊತ್ತಾಗಿತ್ತು. 1965ರಲ್ಲಿ ಫೋಕ್‌ವೇಸ್ ಕಂಪನಿ ಹೊರತಂದ ಧ್ವನಿಮುದ್ರಿಕೆಯಲ್ಲಿ ಡಿಕನ್ಸ್ ಅದನ್ನು ಅನುಮತಿ ಕೇಳದೆ ಎತ್ತಿಕೊಂಡರು. ನವೋಮಿ ಮತ್ತು ವೈನೋನಾ ಜಡ್ — 1980ರ ದಶಕದಲ್ಲಿ ನ್ಯಾಶ್‌ವಿಲ್ ಆಳಿದ ತಾಯಿ-ಮಗಳು — ದನಿ ಕೂಡಿಸುವುದನ್ನು ಕಲಿತದ್ದು ಈ ಜೋಡಿಯ ಮುದ್ರಿಕೆ ಕೇಳಿಯೇ.

2001ರಲ್ಲಿ ಡಿಕನ್ಸ್ ಅವರಿಗೆ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಬಂತು. 2011ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಹೊಸದಾಗಿ ಕೇಳುವವರ ಕೈಗೆ ಸಾಮಾನ್ಯವಾಗಿ ಸಿಗುವುದು ಸ್ಮಿತ್ಸೋನಿಯನ್ 1996ರಲ್ಲಿ ಹೊರತಂದ 'ಪಯೊನಿಯರಿಂಗ್ ವಿಮೆನ್ ಆಫ್ ಬ್ಲೂಗ್ರಾಸ್' ಸಂಕಲನ. ಒಳ್ಳೆಯ ಸಂಕಲನವೇ. 'ಬ್ಲ್ಯಾಕ್ ಲಂಗ್' ಮಾತ್ರ ಅದರಲ್ಲಿಲ್ಲ, ಬೇರೆಡೆ ಹುಡುಕಿಕೊಳ್ಳಬೇಕು.