ಪಶ್ಚಿಮ ಗಡಿಯ ಪ್ರಣಯ ಕಾದಂಬರಿ: ಒಲವಿನ ಸೆಳೆತ ಮತ್ತು ಸಮ್ಮತಿಯ ಪ್ರಶ್ನೆ

ಅಮೆರಿಕದ ಪಶ್ಚಿಮ ಗಡಿನಾಡನ್ನು ಹಿನ್ನೆಲೆಯಾಗುಳ್ಳ ಚಾರಿತ್ರಿಕ ಪ್ರಣಯ ಕಾದಂಬರಿಗಳಲ್ಲಿ ನಾಯಕ ನಾಯಕಿಯರ ನಡುವಣ ಸೆಳೆತವನ್ನು 'ಕೆಮಿಸ್ಟ್ರಿ' ಎಂದು ಕರೆಯುವುದು ರೂಢಿ. ಅದನ್ನು ರೂಪ, ಯೌವನ ಹಾಗೂ ಆಕಸ್ಮಿಕ ಭೇಟಿಗಳಿಂದ ಹುಟ್ಟುವ ರಂಜನೆಯೆಂದಷ್ಟೇ ಪರಿಭಾವಿಸುವ ವಿಮರ್ಶೆಗೆ ಅದರ ಕಾರ್ಯ ಗೋಚರಿಸುವುದಿಲ್ಲ. ಕಥೆಯ ಘಟಕವನ್ನು ಅದು ಕಥನದಲ್ಲಿ ನಿರ್ವಹಿಸುವ ಕಾರ್ಯದಿಂದಲೇ ಗುರುತಿಸಬೇಕೆಂಬುದನ್ನು ರಷ್ಯದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿಯೇ ಪ್ರತಿಪಾದಿಸಿದನು. ಈ ನೆಲೆಯಿಂದ ಪರಿಶೀಲಿಸಿದಾಗ, ಒಲವಿನ ಸೆಳೆತವು ಇಲ್ಲಿ ಒಂದು ವಾದದ ರೂಪ ತಾಳುತ್ತದೆ. ಬಂದೂಕಿನ ನ್ಯಾಯಕ್ಕೆ ಹೆಣ್ಣಿನ ಸಮ್ಮತಿಯನ್ನು ದೊರಕಿಸಿಕೊಡುವುದೇ ಅದರ ಕಾರ್ಯ.

ಓವನ್ ವಿಸ್ಟರ್‌ನ 'ದಿ ವರ್ಜೀನಿಯನ್' (1902) ಈ ಪ್ರಕಾರಕ್ಕೆ ಮಾದರಿಯನ್ನು ಒದಗಿಸಿದ ಕೃತಿ. ಇದರ ನಾಯಕನಾದ ದನಗಾಹಿಗೆ ಹೆಸರೇ ಇಲ್ಲ. ವರ್ಮಾಂಟ್‌ನ ಬೆನಿಂಗ್ಟನ್ನಿನಿಂದ ವಯೋಮಿಂಗ್‌ಗೆ ಬಂದ ಶಾಲಾ ಶಿಕ್ಷಕಿ ಮೋಲಿ ಸ್ಟಾರ್ಕ್ ವುಡ್ ನಾಯಕಿ. ನಾಯಕನ ಆಕರ್ಷಣೆಯ ಬಹುಭಾಗ ಮೌಖಿಕ ಪರಂಪರೆಯದು. ಔತಣಕೂಟದಲ್ಲಿ ಮಲಗಿದ್ದ ಕೂಸುಗಳ ಉಡುಪನ್ನು ಅದಲುಬದಲು ಮಾಡುವ ಚೇಷ್ಟೆ, ಕಪ್ಪೆ ಸಾಕಣೆಯ ಬುರುಡೆಕಥೆ ಹೇಳಿ ಎದುರಾಳಿ ಟ್ರಾಂಪಾಸ್‌ನನ್ನು ಪೆಚ್ಚಾಗಿಸುವ ಪ್ರಸಂಗ ಇವೆಲ್ಲ ಜನಪದ ಜಾಣನ ಲಕ್ಷಣಗಳು. ಮೋಲಿಯ ಶಕ್ತಿ ಲಿಖಿತ ಪರಂಪರೆಯದು. ಆಕೆ ಅವನಿಗೆ ಪುಸ್ತಕಗಳನ್ನು ಓದಲು ಕೊಡುತ್ತಾಳೆ. ಮಾತು ಮತ್ತು ಬರೆಹಗಳ ಈ ಸ್ಪರ್ಧೆಯೇ ಅವರ ಸೆಳೆತದ ನಿಜವಾದ ಮೂಲ. ಗಾಯಗೊಂಡ ನಾಯಕನನ್ನು ಆಕೆ ಶುಶ್ರೂಷೆ ಮಾಡುವ ಹಂತದವರೆಗೆ ಇಬ್ಬರೂ ಸಮಬಲರೇ ಆಗಿದ್ದಾರೆ.

ಸಮತೋಲ ತಪ್ಪುವುದು ಅನಂತರ. ದನಗಳ್ಳನೆಂದು ಸಿಕ್ಕಿಬಿದ್ದ ಗೆಳೆಯ ಸ್ಟೀವ್‌ನನ್ನು ನೇಣಿಗೇರಿಸುವ ತಂಡದಲ್ಲಿ ನಾಯಕನೂ ಇರುತ್ತಾನೆ. ವಿಚಲಿತಳಾದ ಮೋಲಿಗೆ ಜಡ್ಜ್ ಹೆನ್ರಿ, ದಕ್ಷಿಣದಲ್ಲಿ ಕಪ್ಪುಜನರನ್ನು ಗುಂಪುಗೂಡಿ ಕೊಲ್ಲುವುದು ಬೇರೆ, ವಯೋಮಿಂಗ್‌ನ ನೇಣು ಬೇರೆ ಎಂದು ಸಮಜಾಯಿಷಿ ನೀಡುತ್ತಾನೆ. ಈ ವಾದಕ್ಕೆ ಚಾರಿತ್ರಿಕ ಹಿನ್ನೆಲೆಯುಂಟು. 1892ರ ಏಪ್ರಿಲ್‌ನಲ್ಲಿ ವಯೋಮಿಂಗ್‌ನ ದೊಡ್ಡ ದನದೊಡೆಯರು ಟೆಕ್ಸಾಸ್‌ನಿಂದ ಬಂದೂಕುಧಾರಿಗಳನ್ನು ಕರೆಸಿ ಜಾನ್ಸನ್ ಕೌಂಟಿಯ ಮೇಲೆ ದಂಡೆತ್ತಿ ಹೋದರು, ನೇಟ್ ಚಾಂಪಿಯನ್ ಮತ್ತು ನಿಕ್ ರೇ ಹತರಾದರು, ಯಾರಿಗೂ ಶಿಕ್ಷೆಯಾಗಲಿಲ್ಲ. ವಿಸ್ಟರ್‌ನ ಒಲವು ದನದೊಡೆಯರ ಕಡೆಗಿತ್ತು. ಮದುವೆಯ ಮುನ್ನಾದಿನ, ದ್ವಂದ್ವಕ್ಕೆ ಹೋದರೆ ತಮ್ಮಿಬ್ಬರ ಸಂಬಂಧ ಮುಗಿಯಿತೆಂದು ಮೋಲಿ ಎಚ್ಚರಿಸುತ್ತಾಳೆ. ಅವನು ಹೋಗಿ ಟ್ರಾಂಪಾಸ್‌ನನ್ನು ಕೊಂದು ಬಂದಾಗ ಅಪ್ಪಿಕೊಳ್ಳುತ್ತಾಳೆ. ಓದುಗನಿಗೆ ಸುಖಾಂತ್ಯವಾಗಿ ಕಾಣುವ ಈ ಆಲಿಂಗನವು, ಜಡ್ಜನ ತರ್ಕವು ಸಾಧಿಸಲಾಗದ ಸಮ್ಮತಿಯನ್ನು ಸಾಧಿಸಿಬಿಡುತ್ತದೆ.

ಜೇನ್ ಗ್ರೇ ಎಂಬ ಲೇಖಕನ 'ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' (1912) ಇದೇ ಆಶಯವನ್ನು 1871ರ ಯೂಟಾಗೆ ಒಯ್ಯುತ್ತದೆ. ಮಾರ್ಮನ್ ಪಂಥದ ಜೇನ್ ವಿದರ್‌ಸ್ಟೀನ್ ಭೂಮಿ ಮತ್ತು ದನಗಳ ಒಡತಿ. ಬಂದೂಕುಗಾರ ಲಾಸಿಟರ್‌ನಿಂದ ಆಯುಧವನ್ನು ಬಿಡಿಸುವ ಛಲವೇ ಅವಳಲ್ಲಿ ಒಲವಾಗಿ ಮಾಗುತ್ತದೆ. ಆದರೂ ಅವಳ ಮೊರೆಯನ್ನು ಮೀರಿ ಅವನು ಬಿಷಪ್ ಡಯರ್‌ನನ್ನು ಕೊಲ್ಲುತ್ತಾನೆ. ಕೊನೆಯಲ್ಲಿ ಬಂಡೆಯನ್ನು ಉರುಳಿಸೆಂದು ಅವಳೇ ಕೂಗುತ್ತಾಳೆ. ಬೆನ್ನಟ್ಟಿದವರು ನಾಶವಾಗುತ್ತಾರೆ, ಕಣಿವೆಯ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ವಿಸ್ಟರ್‌ನಲ್ಲಿ ನಾಯಕಿ ಹಿಂಸೆಯನ್ನು ಕ್ಷಮಿಸಿದರೆ, ಇಲ್ಲಿ ಅದಕ್ಕೆ ಆಜ್ಞೆಯನ್ನೇ ನೀಡುತ್ತಾಳೆ. ಆದರೆ ಗ್ರೇ ಅದರ ಬೆಲೆಯನ್ನು ಮರೆಮಾಚುವುದಿಲ್ಲ. ಪ್ರೇಮಿಗಳಿಗೆ ಸಮಾಜವೇ ಇಲ್ಲವಾಗುತ್ತದೆ.

ಈ ಎರಡೂ ಕೃತಿಗಳು ಹೊರಗಿಟ್ಟ ಪಶ್ಚಿಮವೊಂದಿದೆ. 1862ರ ಹೋಮ್‌ಸ್ಟೆಡ್ ಕಾಯಿದೆಯ ಅಡಿಯಲ್ಲಿ ಒಂಟಿ ಮಹಿಳೆಯರೂ 160 ಎಕರೆ ಭೂಮಿಗೆ ಅರ್ಜಿ ಸಲ್ಲಿಸಬಹುದಿತ್ತು. ಕ್ಯಾನ್ಸಾಸ್‌ನಲ್ಲಿ ಕಪ್ಪುಜನರೇ ನೆಲೆಗೊಳಿಸಿದ ನಿಕೊಡೆಮಸ್ ಪಟ್ಟಣ 1877ರದು. ಬೆವರ್ಲಿ ಜೆಂಕಿನ್ಸ್ 'ನೈಟ್ ಸಾಂಗ್' (1994) ಕಾದಂಬರಿಯಲ್ಲಿ ಕ್ಯಾನ್ಸಾಸ್‌ನ ಅಂಥದೇ ಕಲ್ಪಿತ ಊರೊಂದನ್ನು ಆರಿಸಿಕೊಂಡಿದ್ದಾರೆ. ನಾಯಕಿ ಮತ್ತೆ ಶಾಲಾ ಶಿಕ್ಷಕಿಯೇ. ನಾಯಕ ಕಪ್ಪು ಸೈನಿಕರ ಹತ್ತನೆಯ ಅಶ್ವದಳದವನು. ಪಾತ್ರಜೋಡಿ ವಿಸ್ಟರ್‌ನದೇ ಆಗಿ ಕಂಡರೂ ಅದು ನಿಂತ ನೆಲ ಬದಲಾಗಿದೆ. ಜಡ್ಜ್ ಹೆನ್ರಿ ಒಂದು ವಾಕ್ಯದಲ್ಲಿ ಬದಿಗೆ ಸರಿಸಿದ ಜನರೇ ಇಲ್ಲಿ ಪ್ರೇಮಿಸುವವರು. ಯಾರ ನೇಣು ನ್ಯಾಯ, ಯಾರದು ಅನ್ಯಾಯವೆಂದು ವಿಂಗಡಿಸುವ ಅಧಿಕಾರಕ್ಕೆ ಅವರ ಒಲವು ಸಾಕ್ಷಿಯಾಗಬೇಕಿಲ್ಲ.

ಆದ್ದರಿಂದ ಈ ಪ್ರಕಾರದ ಕೃತಿಗಳ ಮೌಲ್ಯಮಾಪನದಲ್ಲಿ ಸೆಳೆತದ ತೀವ್ರತೆಯೊಂದೇ ಮಾನದಂಡವಾಗಲಾರದು. ಆ ಸೆಳೆತವು ನಾಯಕಿಯಿಂದ ಯಾವುದಕ್ಕೆ ಒಪ್ಪಿಗೆ ಪಡೆಯುತ್ತದೆ, ಆ ಒಪ್ಪಿಗೆಯಿಂದ ಯಾರ ಕೊಲೆ ಮರೆವಿಗೆ ಸರಿಯುತ್ತದೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾಗುತ್ತವೆ.